ನವಿಲು ಛಾಪಿನ ಏಳು ಹೆಂಗಸರು

ನವೆಂಬರ್ 4, 2025

ಕಾಲಿಗೆ ಪ್ಲಾಸ್ಟರ್ ಬಿದ್ದು ಇವತ್ತಿಗೆ ಹನ್ನೆರಡು ದಿನ. ಇನ್ನೂ ಒಂದು ತಿಂಗಳು ಹೀಗೇ ಬಿದ್ದಿರಬೇಕಂತೆ. ಮೂವತ್ತೊಂದು ವರ್ಷ ತಲ್ಲೂರಿನ ಹಂಚಿನ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ರೈಟರ್ ಆಗಿದ್ದವನು ನಾನು, ಬಚ್ಚಲುಕೊಟ್ಟಿಗೆಯ ಮಾಡಿನ ಒಂದು ಒಡಕು ಹಂಚು ಬದಲಿಸಲು ಹತ್ತಿ ಕೆಳಗೆ ಬಿದ್ದೆ. ಹೆಮ್ಮಾಡಿ ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತಂತೆ: "ಭೋಜರಾಜ ರೈಟ್ರು ಹಂಚಿಂದ್ಲೇ ಬಿದ್ರಂಬ್ರ್." ನಗಲಿ. ಅವರ ಮನೆ ಸೋರುವಾಗ ಯಾರನ್ನು ಕೇಳಲು ಬರುತ್ತಾರೋ ನೋಡುತ್ತೇನೆ.

ಗೋಮತಿ ಈ ನೋಟ್‌ಬುಕ್ ತಂದು ಮಂಚದ ಮೇಲೆ ಹಾಕಿದಳು. "ಹ್ವಾಯ್, ನಿಮ್ ಸಿಟ್ಟೆಲ್ಲ ಇದ್ರಗೆ ಬರ್ಕಣಿ. ನನ್ ತಲೆ ಮೇಲೆ ಹಾಕ್ಬೇಡಿ." ಹೆಂಡತಿ ಹೇಳಿದಳೆಂದು ಬರೆಯುತ್ತಿಲ್ಲ. ಕೈ ಸುಮ್ಮನಿರುವುದಿಲ್ಲ, ಅದಕ್ಕೆ.

ಬೆಳಿಗ್ಗೆ ಮೀನಿನ ಕುಸುಮ ಬಂದಿದ್ದಳು. ಬಂಗುಡೆ ತಾಜಾ ಅಂದಳು. ಬುಟ್ಟಿಯನ್ನು ಮಂಚದ ಹತ್ತಿರ ತರಿಸಿ ಒಂದೊಂದರ ಕಿವಿರು ಎತ್ತಿ ನೋಡಿದೆ. ನಾಲ್ಕನ್ನು ವಾಪಸು ಹಾಕಿದೆ.

"ಇದ್ ಮೀನ್ ಕಾಂಬುದಾ, ಹಾಜ್ರಿ ತಕಂಬುದಾ ರೈಟ್ರೆ?" ಎಂದಳು. ಹದಿನೈದು ವರ್ಷದಿಂದ ಇದೇ ಜಗಳ. ಅವಳ ಬಾಯಿ ಇಡೀ ಗ್ರಾಮಕ್ಕೆ ಸಾಕು.

ನವೆಂಬರ್ 7

ಕೋಟದಿಂದ ಶ್ರೀವಿದ್ಯಾ ಎಂಬ ಹುಡುಗಿ ಬಂದಿದ್ದಳು. ಹಳೇ ಛಾಪುಗಳು, ಹಳೇ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ ಡಿಜಿಟಲ್ ಸಂಗ್ರಹಕ್ಕೆ ಸೇರಿಸುವುದು ಅವಳ ಕೆಲಸ. ನಮ್ಮ ಕಾರ್ಖಾನೆ ಮುಚ್ಚಿ ಹದಿನಾರು ವರ್ಷವಾಯಿತಲ್ಲ, ಧಣಿಗಳ ಮನೆಯವರು ಎರಡು ಟ್ರಂಕ್ ಕಾಗದಪತ್ರ ಅವಳಿಗೆ ಕೊಟ್ಟಿದ್ದಾರೆ. ಯಾವುದು ಏನೆಂದು ಹೇಳಬಲ್ಲವರು ಈ ಸೀಮೆಯಲ್ಲಿ ನಾನೊಬ್ಬನೇ ಉಳಿದದ್ದಂತೆ. ಹಾಗೆಂದು ಅವಳೇ ಹೇಳಿದಳು, ನಾನು ಹೇಳಿಸಿದ್ದಲ್ಲ.

"ಸರ್, ನೀವ್ ಮಲ್ಕಂಡೇ ಕಾಂಬುಕ್ ಆತ್ತ್" ಎಂದು ಒಂದು ಟ್ಯಾಬ್ ಇಟ್ಟುಹೋಗಿದ್ದಾಳೆ.

ತೆರೆದರೆ ಎಂಥ ಲೋಕ ಮಾರಾಯ! ಬೀಡಿ, ಸೋಪು, ಕೊಡೆ, ತೆಂಗಿನೆಣ್ಣೆ ಡಬ್ಬಿ, ಎಲ್ಲದರ ಮೇಲೂ ಒಂದು ಪ್ರಾಣಿಯೋ ಪಕ್ಷಿಯೋ. ಆಗ ಓದಲು ಬರುವವರು ಎಷ್ಟು ಜನ? ಚಿತ್ರ ಹೇಳಿ ಸಾಮಾನು ಕೇಳುತ್ತಿದ್ದರು. ಎರಡು ಮೊಲ ಕೊಡಿ ಅಂದರೆ ಎರಡು ಕಟ್ಟು ಬೀಡಿ. ಹಂಚಿಗೂ ಹಾಗೇ. ಹೊಳೆಯ ಮೇಲ್ಗಡೆಯಿಂದ ದೋಣಿ ತಂದವರು ಬಾಗಿಲಲ್ಲಿ ನಿಂತು ಆನೆ ಬೇಕೋ ಹಡಗು ಬೇಕೋ ಹೇಳುತ್ತಿದ್ದರು. ನಮ್ಮದು ನವಿಲು.

ನವಿಲಿನ ಕತೆ ಶ್ರೀವಿದ್ಯಾಳಿಗೆ ಹೇಳಿದೆ. ಛಾಪು ನೋಂದಾಯಿಸುವಾಗ ಕೊಟ್ಟ ಚಿತ್ರದಲ್ಲಿ ಗರಿ ಬಿಚ್ಚಿದ ನವಿಲು ಇತ್ತು, ಈಗ ಆ ಕಾಗದವನ್ನೂ ಟ್ಯಾಬಿನಲ್ಲಿ ಕಂಡೆ. ಅಚ್ಚು ಕೆತ್ತಿದವನಿಗೆ ಜಾಗ ಸಾಲಲಿಲ್ಲವೋ ತಾಳ್ಮೆ ಸಾಲಲಿಲ್ಲವೋ, ಬಾಲ ಮೋಟು ಮಾಡಿಬಿಟ್ಟ. ಊರೆಲ್ಲ ನಮ್ಮದನ್ನು ಕೋಳಿ ಹಂಚು ಅನ್ನುತ್ತಿತ್ತು. ಧಣಿಗಳ ಎದುರು ಆ ಮಾತು ಆಡುವಂತಿರಲಿಲ್ಲ. ಕೊನೆಗೆ 1979ರಲ್ಲಿ ಉದ್ದ ಬಾಲದ ಹೊಸ ಅಚ್ಚು ಬಂತು. ಜನ ಆಮೇಲೂ ಕೋಳಿ ಎಂದೇ ಕರೆದರು.

ಹುಡುಗಿ ಬಿದ್ದು ಬಿದ್ದು ನಕ್ಕಳು. ನನಗೂ ಒಳ್ಳೆಯದಾಯಿತು.

ನವೆಂಬರ್ 8

ಇಡೀ ದಿನ ನೋಡಿದೆ. ಕಾಲಿನ ನೆನಪೇ ಆಗಲಿಲ್ಲ. ಅನ್ನ ಆರಿಹೋಯಿತೆಂದು ಬೈಸಿಕೊಂಡೆ.

ನವೆಂಬರ್ 12

ಇವತ್ತು ನಾನು ನನ್ನನ್ನೇ ಕಂಡೆ. ನನ್ನ ಮುಖ ಅಲ್ಲ, ನನ್ನ ಅಕ್ಷರ.

1979ರ ಒಂದು ಫೋಟೋ. ಹೊಸ ಅಚ್ಚು ಬಂದ ದಿನ ಧಣಿಗಳು ಕುಂದಾಪುರದಿಂದ ಫೋಟೋದವನನ್ನು ಕರೆಸಿದ್ದರು. ಹಂಚಿನ ರಾಶಿಯ ಮುಂದೆ ಏಳು ಹೆಂಗಸರು ಸಾಲಾಗಿ ನಿಂತಿದ್ದಾರೆ. ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿದ್ದಾಳೆ. ಅಲ್ಲಿ ಕಪ್ಪು ಶಾಯಿಯಲ್ಲಿ, ಎಡದಿಂದ ಬಲಕ್ಕೆ: ಅಕ್ಕು, ಸೂರಮ್ಮ, ಲಚ್ಚಿ, ಸೀತು, ಗಿರಿಜ, ಚಂದು, ಪುಟ್ಟಮ್ಮ. ಮುತ್ತು ಪೋಣಿಸಿದ ಹಾಗಿದೆ. ಆಗ ನನಗೆ ಇಪ್ಪತ್ತೆರಡು ವರ್ಷ. ಈಗಿನವರಲ್ಲಿ ಹೀಗೆ ಬರೆಯುವವರಿದ್ದರೆ ಕರೆತನ್ನಿ.

ಶ್ರೀವಿದ್ಯಾಳಿಗೆ ಫೋನ್ ಮಾಡಿ ಹೆಸರುಗಳೆಲ್ಲ ಸರಿ ಎಂದು ಹೇಳಿದೆ. ಸಂಜೆಯೊಳಗೆ ಫೋಟೋದ ಕೆಳಗೆ ಬಂತು: 'ಹೆಸರುಗಳನ್ನು ಖಚಿತಪಡಿಸಿದವರು: ಭೋಜರಾಜ, ಕಾರ್ಖಾನೆಯ ಅಂದಿನ ರೈಟರ್.' ಗೋಮತಿಗೆ ಎರಡು ಸಲ ಓದಿ ಹೇಳಿದೆ. ಮೂರನೇ ಸಲಕ್ಕೆ ಅವಳು ಎದ್ದು ಹೋದಳು.

ಆಗ ನೆನಪಾಯಿತು. ಸೀತು ಅಂದರೆ ನಮ್ಮ ಮೀನಿನ ಕುಸುಮನ ತಾಯಿ. ಮರುವರ್ಷ ಮಳೆಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡವಳು.

ನವೆಂಬರ್ 13

ಕುಸುಮ ಬಂದಾಗ ಬುಟ್ಟಿ ಇಳಿಸುವ ಮೊದಲೇ ಟ್ಯಾಬ್ ತೋರಿಸಿದೆ.

"ಎಡದಿಂದ ನಾಲ್ಕನೇದ್ ಯಾರ್ ಕಾಣ್. ನಿನ್ ಅಬ್ಬಿ."

ಅವಳು ಕೈ ಸೆರಗಿಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಟ್ಯಾಬ್ ಮುಟ್ಟಲಿಲ್ಲ, ಬಗ್ಗಿ ನೋಡಿದಳು. ಎತ್ತರದ ಹೆಂಗಸು, ಅಗಲ ಹಣೆ, ತಲೆಯ ಮೇಲೆ ಸೆರಗು, ನಗು ಇಲ್ಲ.

"ಇದಾ? ನಿಜವಾಯ್ಲೂ ಇದಾ?"

"ನಾನೇ ಬರ್ದದ್ದ್ ಮಾರಾಯ್ತಿ. ನನ್ ಅಕ್ಷರ ಕಾಣ್."

"ನಂಗ್ ಅಬ್ಬಿ ಮೊಖವೇ ಗೊತ್ತಿಲ್ಲೆ ರೈಟ್ರೆ. ಎರಡ್ ವರ್ಷದ್ ಹೆಣ್ ನಾನ್, ಅಬ್ಬಿ ಹೋಪತಿಗೆ. ವರ್ಷ ವರ್ಷ ಹಿರಿಯರಿಗೆ ಬಡ್ಸುವತಿಗೆ ಅಜ್ಜಂದ್ ಫೋಟೋ ಇತ್ತ್, ಅಪ್ಪಯ್ಯಂದ್ ಇತ್ತ್. ಅಬ್ಬಿಗ್ ಬರೀ ಮಣೆ." ಹಾಗೆ ಹೇಳಿ ಅಳತೊಡಗಿದಳು. ಆ ಬಾಯಿಬಡುಕಿ ಅಳುವುದನ್ನು ನಾನು ನೋಡಿದ್ದೇ ಇಲ್ಲ. ಗೋಮತಿಯೂ ಅತ್ತಳು. ನಾನು ಕನ್ನಡಕ ತೆಗೆದು ಒರೆಸಿದೆ, ಧೂಳು ಕೂತಿರಬೇಕು.

ಮುಂದಿನ ತಿಂಗಳು ಹನ್ನೊಂದಕ್ಕೆ ಅವಳ ಹೊಸ ಮನೆಯ ಒಕ್ಕಲು, ಗೃಹಪ್ರವೇಶ. ಫೋಟೋ ದೊಡ್ಡದು ಮಾಡಿಸಿ ಹಾಕುತ್ತಾಳಂತೆ. ಹೋಗುವಾಗ ಎರಡು ಕಾಣೆ ಮೀನು ಬಾಳೆಲೆಯಲ್ಲಿ ಸುತ್ತಿ ಇಟ್ಟು ಹೋಗಿದ್ದಾಳೆ.

ನವೆಂಬರ್ 20

ಸುಖವಾಗಿದ್ದೇನೆ. ಬರೆಯಲು ವಿಶೇಷವಿಲ್ಲ.

ಇಲ್ಲಿಯವರೆಗೆ ನಲವತ್ತಮೂರು ಛಾಪು ಗುರುತಿಸಿ ಕೊಟ್ಟೆ. ಕುಸುಮ ಕುಂದಾಪುರದ ಸ್ಟುಡಿಯೋದಲ್ಲಿ ನಾಲ್ಕನೆಯವಳನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡಿಸಿದ್ದಾಳೆ. ನಿನ್ನೆ ಕಟ್ಟು ಹಾಕಿಸಿ, ಸಂಜೆಯೇ ಎದುರಿಗೆ ದೀಪ ಇಟ್ಟಳಂತೆ. "ಇನ್ ದಿನಾ ಬೈಸಾರಿಗೆ ಅಬ್ಬಿ ಹತ್ರ ಮಾತಾಡ್ತೆ ರೈಟ್ರೆ" ಎಂದಳು. ಮೀನಿನ ಬಗ್ಗೆ ಈಗ ಜಗಳವೇ ಇಲ್ಲ. ಒಂದು ರೀತಿಯಲ್ಲಿ ಬೇಸರವೂ ಆಗುತ್ತದೆ.

ನವೆಂಬರ್ 26

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಶ್ರೀವಿದ್ಯಾ 1979ರ ಹಾಜರಿ ಪುಸ್ತಕದ ಪುಟಗಳನ್ನು ಸಂಗ್ರಹಕ್ಕೆ ಹಾಕಿದಳು. ಹಳೇ ಗೆಳೆಯನನ್ನು ಕಂಡ ಹಾಗೆ ಖುಷಿಯಾಗಿ ಓದಲು ಕೂತೆ. ಟಿಕೆಟ್ ನಂಬರ್ 41 ಅಕ್ಕು. 44 ಸೂರಮ್ಮ. 47 ಲಚ್ಚಿ. 52 ಸೀತು. 53 ಗಿರಿಜ. 58 ಚಂದು. 60 ಪುಟ್ಟಮ್ಮ.

ಅದೇ ಸಾಲು. ಫೋಟೋದ ಹಿಂದೆ ಇರುವ ಅದೇ ಸಾಲು, ಒಂದಕ್ಷರ ಆಚೆ ಈಚೆ ಇಲ್ಲ.

ಟಿಕೆಟ್ ನಂಬರ್ ಪ್ರಕಾರ ಯಾರಾದರೂ ಫೋಟೋಗೆ ನಿಲ್ಲುತ್ತಾರೆಯೇ? ಫೋಟೋ ತೆಗೆಯುವ ಹೊತ್ತಿಗೆ ನಾನು ಅಲ್ಲಿರಲಿಲ್ಲ, ಒಳಗೆ ಹೋಗಿದ್ದೆ. ವಾರದ ನಂತರ ಪ್ರಿಂಟ್ ಬಂದಾಗ ಧಣಿಗಳು ಹೆಸರು ಬರೆಯಲು ಹೇಳಿದರು. ಹೆಂಗಸರನ್ನು ಕರೆದು ಕೇಳಬಹುದಿತ್ತು, ಕೇಳಲಿಲ್ಲ. ಹಾಜರಿ ಪುಸ್ತಕ ತೆಗೆದೆ, ಆ ದಿನ ಆ ಸಾಲಿನ ಕೆಲಸಕ್ಕಿದ್ದ ಏಳು ಹೆಸರು ಇಳಿಸಿದೆ. ಚಂದ ಮಾಡಿ ಬರೆದೆ.

ಆಮೇಲೆ ಫೋಟೋವನ್ನು ಹಿಗ್ಗಿಸಿ ಒಬ್ಬೊಬ್ಬರನ್ನೂ ನೋಡಿದೆ, ಪಟ್ಟಿಯನ್ನು ಮುಚ್ಚಿಟ್ಟು. ಮೊದಲೇ ಹಾಗೆ ನೋಡಬೇಕಿತ್ತು. ನನ್ನ ಕಣ್ಣಿಗಿಂತ ನನ್ನ ಅಕ್ಷರದ ಮೇಲೆ ನಂಬಿಕೆ ಜಾಸ್ತಿ ಇಟ್ಟೆ. ನಾಲ್ಕನೆಯ ಎತ್ತರದವಳು ಚಂದು, ಹಟ್ಟಿಯಂಗಡಿ ಕಡೆಯವಳು. ಹಿಂದೆ ಮುಂದೆ ಯಾರೂ ಇಲ್ಲದ ಹೆಂಗಸು, ತೀರಿಹೋಗಿ ಎಷ್ಟೋ ಕಾಲವಾಯಿತು. ಸೀತು ಬಲಗಡೆಯ ತುದಿಯಲ್ಲಿದ್ದಾಳೆ. ಅವಳ ಕೈಯಲ್ಲಿ ಮರದ ಅಚ್ಚು ಇದೆ. ದೊಡ್ಡ ಹಂಚಿಗೆ ಯಂತ್ರದಲ್ಲೇ ಛಾಪು ಬೀಳುತ್ತಿತ್ತು. ಮಾಡಿನ ನೆತ್ತಿಗೆ ಹಾಕುವ ಹಂಚಿಗೆ ಮಾತ್ರ ಹಸಿ ಇರುವಾಗ ಕೈಯಿಂದ ಒತ್ತಬೇಕು. ಆ ಕೆಲಸಕ್ಕೆ ಸೀತುವನ್ನು ಬಿಟ್ಟರೆ ಬೇರೆಯವರನ್ನು ಹಾಕುತ್ತಿರಲಿಲ್ಲ.

ಕುಸುಮ ಯಾರಿಗೋ ದೀಪ ಹಚ್ಚುತ್ತಿದ್ದಾಳೆ.

ನವೆಂಬರ್ 27

ಕುಸುಮ ಬಂದಳು. ನಿದ್ದೆ ಬಂದವನ ಹಾಗೆ ಮಲಗಿದ್ದೆ.

ನವೆಂಬರ್ 29

ಗೋಮತಿಗೆ ಹೇಳಿದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದವಳು ನಿಲ್ಲಿಸಿದಳು.

ನನ್ನ ವಾದ ಹೀಗೆ: ಹೇಳದಿದ್ದರೆ ಯಾರಿಗೆ ನಷ್ಟ? ಅವಳಿಗೆ ಒಂದು ತಾಯಿ ಬೇಕಿತ್ತು, ಸಿಕ್ಕಿದಳು. ಮನಸ್ಸು ತಂಪಾಗಿದೆ. ಒಕ್ಕಲಿಗೆ ಹನ್ನೆರಡು ದಿನ ಇರುವಾಗ ಹೋಗಿ ಅವಳ ಅಬ್ಬಿಯನ್ನು ಗೋಡೆಯಿಂದ ಇಳಿಸಲೇ? ಈ ಲೋಕದಲ್ಲಿ ಇದು ಗೊತ್ತಿರುವವನು ನಾನೊಬ್ಬ.

"ಈಗ ನಾನೂ ಇದ್ದೆ" ಎಂದಳು ಗೋಮತಿ. "ಅದ್ ನಿಮ್ ಹಾಜ್ರಿ ಪುಸ್ತಕ ಅಲ್ಲ. ಅದ್ರ್ ಅಬ್ಬಿ. ಇನ್ ಅದ್ರ್ ಮಕ್ಳು ಮೊಮ್ಮಕ್ಳು ಎಲ್ಲ ಬ್ಯಾರೆಯವ್ರಿಗ್ ಬಡ್ಸಿ, ಹೆತ್ತ ಅಬ್ಬಿ ಹೊರಗ್ ನಿಂತ್ಕಂಬುದಾ?"

"ಬೈತಾಳೆ ಮಾರಾಯ್ತಿ."

"ಬೈಸ್ಕಣಿ. ಮಾಡಿದ್ದುಣ್ಣೋ ಮಹಾರಾಯ."

ಮತ್ತೆ ತುರಿಯತೊಡಗಿದಳು. ಈ ಹೆಂಗಸಿನ ಹತ್ತಿರ ನನ್ನ ವಾದ ಯಾವತ್ತು ಗೆದ್ದಿದೆ?

ಡಿಸೆಂಬರ್ 1

ಹೇಳಿದೆ. ಜಗಲಿಯಲ್ಲಿ ಕುರ್ಚಿ ಹಾಕಿಸಿ ಕೂತು, ಮಲಗಿಕೊಂಡು ಹೇಳುವ ಮಾತಲ್ಲವೆಂದು ಹಾಗೇ ಕೂತು, ಎಲ್ಲ ಹೇಳಿದೆ. ಟಿಕೆಟ್ ನಂಬರ್, ಹಾಜರಿ ಪುಸ್ತಕ, ಎಲ್ಲ. ತಪ್ಪು ನನ್ನದು ಎಂದೆ. ಆ ಮಾತು ಬಾಯಿಯಿಂದ ಹೊರಡಲು ಎಷ್ಟು ಹೊತ್ತು ಹಿಡಿಯಿತೆಂದರೆ ಕುಸುಮ ಎರಡು ಸಲ "ಎಂತ?" ಎಂದು ಕೇಳಿದಳು.

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ಹನ್ನೆರಡ್ ದಿನ ದೀಪ ಹಚ್ಚಿದೆ ರೈಟ್ರೆ" ಎಂದಳು. "ಮಗಳ್ ಮದಿ ಸುದ್ದಿ ಹೇಳ್ದೆ. ಮನೆ ಕಟ್ಟುಕ್ ಪಟ್ಟ ಕಷ್ಟ ಹೇಳ್ದೆ. ಯಾರ್ ಹತ್ರ ಹೇಳಿದ್ದ್ ನಾನ್?"

ನಿಜವಾದ ಸೀತುವನ್ನು ತೋರಿಸಲು ಟ್ಯಾಬ್ ತೆಗೆದೆ. ಅವಳು ಮುಖ ತಿರುಗಿಸಿದಳು. "ಬ್ಯಾಡ. ಇದೂ ಅಲ್ಲ ಅಂದ್ ನಾಳೆ ಹೇಳ್ತ್ರಿ." ಬುಟ್ಟಿ ಎತ್ತಿ ತಲೆಗಿಟ್ಟು ಅಂಗಳದ ತುದಿಯ ದಣಪೆಯವರೆಗೆ ಹೋದವಳು ಅಲ್ಲಿಂದಲೇ ಹೇಳಿದಳು: "ಗೊತ್ತಿಲ್ದಿರೆ ಗೊತ್ತಿಲ್ಲೆ ಅಂದ್ ಬರೀಕಿತ್ತ್. ಅಷ್ಟ್ ಚಂದ ಮಾಡಿ ಎಂತಕ್ ಬರ್ದದ್ದ್?"

ಟ್ಯಾಬಿನಲ್ಲಿ ಫೋಟೋದ ಹಿಂಬದಿ ತೆರೆದು ಆ ಏಳು ಹೆಸರು ನೋಡುತ್ತ ಕೂತೆ.

ಡಿಸೆಂಬರ್ 5

ಪ್ಲಾಸ್ಟರ್ ಬಿಚ್ಚಿದರು. ಕಾಲು ಒಣಗಿದ ನುಗ್ಗೆಕಾಯಿಯ ಹಾಗಾಗಿದೆ. ಕೋಲು ಹಿಡಿದು ಅಂಗಳ ಸುತ್ತಿದೆ.

ಕುಸುಮ ಬಾರದೆ ನಾಲ್ಕು ದಿನ. ಗೋಮತಿ ಪೇಟೆಯಿಂದ ಮೀನು ತಂದಳು. ಕಿವಿರು ನೋಡಲಿಲ್ಲ, ಉಂಡೆ. ರುಚಿ ಗೊತ್ತಾಗಲಿಲ್ಲ.

ಡಿಸೆಂಬರ್ 6

ಶ್ರೀವಿದ್ಯಾಳನ್ನು ಮನೆಗೆ ಕರೆಸಿದೆ. ವಿಷಯ ಕೇಳಿ ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಹೆಸರು ಬದಲ್ಸಿ 'ಪರಿಷ್ಕರಿಸಲಾಗಿದೆ' ಅಂತ ಹಾಕಿದ್ರೆ ಆಯ್ತ್ ಸರ್. ಹಳೇ ಫೋಟೋ ಅಂದ್ಮೇಲೆ ಇದೆಲ್ಲ ಇದ್ದದ್ದೇ."

ಯಾರು ತಪ್ಪು ಮಾಡಿದರೆಂದು ಬರೆಯದಿದ್ದರೆ ಮುಂದೆ ನೋಡುವವರಿಗೆ ಯಾವ ಪಟ್ಟಿಯನ್ನು ನಂಬಬೇಕೆಂದು ಹೇಗೆ ತಿಳಿಯುತ್ತದೆ? ನಾನೇ ಬರೆದುಕೊಟ್ಟೆ, ಹಾಗೇ ಹಾಕಿಸಿದೆ: 'ಈ ಫೋಟೋದ ಹಿಂಬದಿಯ ಹೆಸರುಗಳನ್ನು ರೈಟರ್ ಭೋಜರಾಜ ಫೋಟೋ ನೋಡಿ ಬರೆದದ್ದಲ್ಲ, ಹಾಜರಿ ಪುಸ್ತಕ ನೋಡಿ ಬರೆದದ್ದು. ಪಟ್ಟಿ ತಪ್ಪು. ನಾಲ್ಕನೆಯವರು ಚಂದು. ಬಲತುದಿಯಲ್ಲಿ ಅಚ್ಚು ಹಿಡಿದವರು ಸೀತು.' ಉಳಿದ ಐವರಲ್ಲಿ ಮೂವರನ್ನು ಖಂಡಿತವಾಗಿ ಗುರುತಿಸಿದೆ. ಎಡದ ಇಬ್ಬರಲ್ಲಿ ಯಾರು ಲಚ್ಚಿ, ಯಾರು ಗಿರಿಜ ಎಂದು ಬಹಳ ಹೊತ್ತು ನೋಡಿದೆ. ಕೊನೆಗೆ ಎರಡು ಕಡೆಯೂ 'ಗೊತ್ತಿಲ್ಲ' ಎಂದು ಬರೆಸಿದೆ.

ಊಟ ಮಾಡಿಕೊಂಡು ಹೋಗು ಎಂದರೆ ಶ್ರೀವಿದ್ಯಾ ಬಸ್ಸು ತಪ್ಪುತ್ತದೆಂದು ಓಡಿದಳು.

ಡಿಸೆಂಬರ್ 8

ಕುಸುಮ ಬಂದಳು!

ಬುಟ್ಟಿ ಇಳಿಸಿದಳು, ಸೆರಗಿನಿಂದ ಮುಖ ಒರೆಸಿದಳು, ನನ್ನ ಕಡೆ ನೋಡದೆ ಗೋಮತಿಗೆ ಹೇಳಿದಳು: "ಅಮ್ಮ, ನಮ್ ಚಂದನಾ ಮೊಬೈಲಗೆ ಕಂಡ್ಲಂಬ್ರ್. ರೈಟ್ರು ತಪ್ಪ್ ಮಾಡಿದ್ ಅವ್ರೇ ಬರ್ಸಿರ್ ಅಂದ್ಲ್. ಹೌದಾ?" ಚಂದನಾ ಅವಳ ಮಗಳು, ಕುಂದಾಪುರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ.

"ನೀನೇ ಕಾಣ್" ಎಂದಳು ಗೋಮತಿ.

ಟ್ಯಾಬ್ ಕೊಟ್ಟೆ. ಈ ಸಲ ಅವಳೇ ಕೈಯಲ್ಲಿ ಹಿಡಿದಳು. ಬಲತುದಿಯವಳನ್ನು ಹಿಗ್ಗಿಸಿದೆ. ತಲೆಯ ಮೇಲೆ ಸೆರಗಿಲ್ಲ. ಕೆನ್ನೆಯ ಮೇಲೆ ಮಣ್ಣು. ಒಂದು ಕೈಯಲ್ಲಿ ಅಚ್ಚು, ಇನ್ನೊಂದು ಕೈ ಹೊಟ್ಟೆಯ ಮೇಲೆ. ಬಾಯಿ ತುಂಬ ನಗು, ಹಲ್ಲೆಲ್ಲ ಕಾಣುವ ಹಾಗೆ.

ಕುಸುಮ ಟ್ಯಾಬನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು.

"ಇದ್ ಸಣ್ಣ ಹೆಣ್" ಎಂದಳು ಕೊನೆಗೆ. "ರೈಟ್ರೆ, ಇದ್ ನನ್ ಚಂದನಾಗಿಂತ ಸಣ್ಣದ್."

"ಇಪ್ಪತ್ತೆರಡ್ ಇರ್ಕ್ ಆಗ."

"ಅಬ್ಬಿ ಅಂದ್ರೆ ನನ್ನಷ್ಟ್ ಪ್ರಾಯದ್ ಹೆಂಗ್ಸ್ ಅಂದ್ ಮಾಡಿದ್ದೆ ನಾನ್. ಅದಕ್ಕೇ ಆ ಫೋಟೋ ಕಂಡ್ ಕೂಡ್ಲೆ ಹೌದ್ ಅನ್ಸಿತ್ತ್." ಬೆರಳಿನಿಂದ ಪರದೆಯ ಮೇಲಿನ ಆ ಕೆನ್ನೆ ಮುಟ್ಟಿದಳು, ಚಿತ್ರ ಸರಿದು ಹೋಯಿತು, ಹೆದರಿ ನನಗೆ ಕೊಟ್ಟಳು. ಸರಿಮಾಡಿ ಮತ್ತೆ ಅವಳ ಕೈಗಿಟ್ಟೆ. ಹೀಗೆ ಎಂಟು ಹತ್ತು ಸಲ ಆಯಿತು.

ಚಂದುವಿಗೆ ಯಾರಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ ಎಂದೆ. "ಹಂಗಾರ್ ಅದೂ ಇರ್ಲಿ ಒಂದ್ ಬದಿಗೆ. ನನ್ ಕತಿ ಎಲ್ಲ ಕೇಣಿದ್ ಹೆಂಗ್ಸ್" ಎಂದಳು.

ಬಂಗುಡೆ ಹತ್ತು ತೆಗೆದುಕೊಂಡೆವು. ಎರಡು ಸ್ವಲ್ಪ ಮೆತ್ತಗಿದ್ದವು, ಇರಲಿ.

ಡಿಸೆಂಬರ್ 11

ಒಕ್ಕಲಿಗೆ ಹೋಗಿ ಬಂದು ಇದನ್ನು ಬರೆಯುತ್ತಿದ್ದೇನೆ. ಕಾಲು ಊದಿದೆ. ಗೋಮತಿ ಬಿಸಿನೀರು ಕಾಯಿಸುತ್ತಿದ್ದಾಳೆ.

ಹೊಳೆಯ ಬದಿಯಲ್ಲಿ ಎರಡು ಕೋಣೆಯ ಅಚ್ಚುಕಟ್ಟಾದ ಮನೆ. ಚಾವಡಿಯ ಗೋಡೆಯಲ್ಲಿ ಹಿರಿಯರ ಫೋಟೋಗಳು, ಎಲ್ಲರೂ ಫೋಟೋದವನ ಮೇಲೆ ಸಿಟ್ಟು ಬಂದವರ ಹಾಗೆ ನೋಡುತ್ತಿದ್ದಾರೆ. ಅವರ ನಡುವೆ ಮಲ್ಲಿಗೆ ಮಾಲೆ ಹಾಕಿಕೊಂಡು ಸೀತು, ಬಾಯಿ ತುಂಬ ನಗುತ್ತಿದ್ದಾಳೆ. ಊಟಕ್ಕೆ ಮೊದಲು ಕುಸುಮನ ಗಂಡನ ಕಡೆಯ ಹಿರಿಯ, ಸೂರ ಅಂತ, ಅವನಿಗೆ ಅದು ಸರಿಬರಲಿಲ್ಲ. "ತೀರ್ಕಂಡವ್ರ್ ಫೋಟೋ ಹೀಂಗೆ ಹಲ್ ಬಿಟ್ಕಂಡ್ ಇಪ್ಪುದಾ? ಎಂತಕ್ ಈ ನಮ್ನಿ ನೆಗಾಡುದ್ ಇದ್?" ಎಂದ. ಇನ್ನಿಬ್ಬರು ಹೌದು ಹೌದು ಎಂದರು.

ಕುಸುಮ ನನ್ನ ಕಡೆ ತಿರುಗಿದಳು. "ಹೌದಲೆ ರೈಟ್ರೆ. ಅಬ್ಬಿ ಎಂತಕ್ ನೆಗಾಡಿದ್? ನಿಮ್ಗ್ ಗೊತ್ತಿತ್ತಾ?"

ಗೊತ್ತಿತ್ತು. ನಲವತ್ತಾರು ವರ್ಷದಿಂದ ಯಾರಿಗೂ ಹೇಳಲಿಲ್ಲ, ಗೋಮತಿಗೂ ಇಲ್ಲ; ಈ ನೋಟ್‌ಬುಕ್‌ನಲ್ಲೂ ಒಳಗೆ ಹೋಗಿದ್ದೆ ಎಂದು ಸುಳ್ಳೇ ಬರೆದೆ. ಚಾವಡಿಯಲ್ಲಿ ಐವತ್ತು ಜನ ಇದ್ದರು. ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು.

"ನನ್ನ್ ಕಂಡ್ ನೆಗಾಡಿದ್" ಎಂದೆ.

ಹೇಳಿಬಿಟ್ಟೆ. ಅವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದು ನಾನೇ. ಹೊಸ ಬಿಳಿ ಅಂಗಿ, ಕಿವಿಯ ಮೇಲೆ ಪೆನ್ನು. ನೆಟ್ಟಗೆ ನಿಲ್ಲಿ, ನಗಬೇಡಿ, ಧಣಿಗಳು ನೋಡುತ್ತಾರೆ ಎಂದು ಗದರಿಸುತ್ತ ಹಿಂದೆ ಹಿಂದೆ ಹೋದೆ. ಹಿಂದೆ ಮಣ್ಣು ನೆನೆಹಾಕುವ ಗುಂಡಿ ಇತ್ತು. ಸೊಂಟದವರೆಗೆ ಹಸಿಮಣ್ಣಿನಲ್ಲಿ ಕೂತುಬಿಟ್ಟೆ. ಆರು ಹೆಂಗಸರು ಹೆದರಿ ಗಪ್‌ಚಿಪ್. ಸೀತು ಮಾತ್ರ ಅಚ್ಚು ಎತ್ತಿ ಹೇಳಿದಳು: "ಹ್ವಾಯ್ ರೈಟ್ರೆ, ಏಳ್ಬೇಡಿ! ನಿಮ್ಗೂ ಒಂದ್ ನವಿಲ್ ಒತ್ತಿ ಒಲೆಗ್ ಕಳ್ಸುವ!" ಫೋಟೋದವನು ಕ್ಯಾಮೆರಾ ಒತ್ತಿದ್ದು ಆಗಲೇ. ನಾನು ಯಾರ ಮುಖವನ್ನೂ ನೋಡದೆ ಎದ್ದು ಬಟ್ಟೆ ಬದಲಿಸಲು ಓಡಿದೆ. ಅದಕ್ಕೇ ಪ್ರಿಂಟ್ ಬಂದಾಗ ಆ ಮುಖಗಳನ್ನು ನೋಡಲಿಲ್ಲ, ಯಾರು ಎಲ್ಲಿ ನಿಂತಿದ್ದಾರೆಂದು ಕೇಳಲೂ ಹೋಗಲಿಲ್ಲ. ಕೇಳಿದರೆ ಮತ್ತೆ ನಗುತ್ತಿದ್ದರು.

ಚಾವಡಿ ಹಾರಿಹೋಗುವ ಹಾಗೆ ನಕ್ಕರು. ಸೂರ ಕೆಮ್ಮು ಬರುವಷ್ಟು ನಕ್ಕ. ಗೋಮತಿ ನನ್ನ ಬೆನ್ನಿಗೆ ಗುದ್ದಿ ಗುದ್ದಿ ನಕ್ಕಳು. ನಾನೂ ನಕ್ಕೆ ಕಾಣುತ್ತದೆ.

ಕುಸುಮ ನಗಲಿಲ್ಲ. ನನ್ನ ಹತ್ತಿರ ಬಂದು ನೆಲದ ಮೇಲೆ ಕೂತಳು.

"ಇನ್ನೊಂದ್ ಸಲ ಹೇಳಿ ರೈಟ್ರೆ. ಅಬ್ಬಿ ಎಂತ ಹೇಳ್ತ್? ಸಮಾ ಹೇಳಿ, ಅದ್ ಹೇಳಿದ್ ಹಂಗೇ. ಅಬ್ಬಿ ಬಾಯಿಂದ ಬಂದ್ ಒಂದ್ ಮಾತೂ ನಾನ್ ಕೇಣ್ಲಿಲ್ಲೆ ಇಷ್ಟ್ ವರ್ಷಕ್ಕೆ."

ಹೇಳಿದೆ. ಮತ್ತೆ ಕೇಳಿದಳು, ಮತ್ತೆ ಹೇ­ಳಿದೆ. ಮೂರು ಸಲ ಆಯಿತು. ನಾಲ್ಕನೇ ಸಲ ನಾನು ಬಾಯಿ ತೆರೆಯುವ ಮೊದಲೇ ಅವಳು ಅಚ್ಚು ಹಿಡಿದವಳ ಹಾಗೆ ಒಂದು ಕೈ ಎತ್ತಿ, ನನ್ನ ಮುಖ ನೋಡಿ, ಆ ಮಾತನ್ನು ತಾನೇ ಹೇಳಿದಳು.